ಊರ ಕಟ್ಟೆಯಿಂದ ನಾಟಕೋತ್ಸವದವರೆಗೆ: ಹಳ್ಳಿಯ ಹವ್ಯಾಸಿ ತಂಡಕ್ಕೊಂದು ಮಾರ್ಗದರ್ಶಿ

ನಮ್ಮ ಹಾವೇರಿ, ಗದಗ, ಧಾರವಾಡ ಸೀಮೆಯಲ್ಲಿ ನಾಟಕ ಆಡದ ಹಳ್ಳಿ ಸಿಗುವುದು ಕಷ್ಟ. ಜಾತ್ರೆ ಬಂತೆಂದರೆ ಒಂದು ಸಾಮಾಜಿಕ ನಾಟಕ ಇರಲೇಬೇಕು. ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಗೊತ್ತು ಮಾಡುತ್ತೇವೆ. ಸೀನರಿ ಬಾಡಿಗೆಗೆ ತರುತ್ತೇವೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ನಡುನಡುವೆ ಮೈಕಿನಲ್ಲಿ ಆಯಾರ, ಅಂದರೆ ಕಾಣಿಕೆ ಕೊಟ್ಟವರ ಹೆಸರು, ಕೂಗುತ್ತಾರೆ. ಬೆಳಗಿನ ಜಾವ ಮಂಗಳ ಹಾಡಿದರೆ ಮುಗಿಯಿತು. ಮುಂದಿನ ಜಾತ್ರೆಯವರೆಗೆ ತಂಡ ಅನ್ನುವುದೇ ಇರುವುದಿಲ್ಲ.

ಆ ಖುಷಿಯನ್ನು ವರ್ಷವಿಡೀ ಉಳಿಸಿಕೊಳ್ಳಬೇಕು, ಊರಿನದೇ ಒಂದು ಹವ್ಯಾಸಿ ತಂಡ ಕಟ್ಟಬೇಕು, ಒಂದು ದಿನ ಧಾರವಾಡದ ರಂಗಮಂದಿರದಲ್ಲಿ ನಮ್ಮೂರಿನ ನಾಟಕ ಆಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾವೇರಿ ಕಡೆಯ ಒಂದು ಸಣ್ಣ ಊರಿನಲ್ಲಿ ಹಲವು ವರ್ಷ ತಂಡದ ಜೊತೆ ಓಡಾಡಿ ಕಲಿತ ವಿಷಯ ಇದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸ್ಪರ್ಧೆಗೆ ಅಂತ ನಾಟಕ ಕಟ್ಟಬೇಡಿ. ಊರಿಗೆ ಅಂತ ಕಟ್ಟಿ, ಊರವರ ಮುಂದೆ ಆಡಿ, ಅದೇ ನಾಟಕವನ್ನು ಸ್ಪರ್ಧೆಗೆ ಒಯ್ಯಿರಿ. ನಮಗೆ ಬಹುಮಾನ ಬಂದದ್ದೆಲ್ಲ ಹಾಗೆ ಮಾಡಿದಾಗಲೇ.

ನಮ್ಮ ನೆಲಕ್ಕೆ ಇದು ಹೊಸದೂ ಅಲ್ಲ. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲೇ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಆಗ ಈ ಭಾಗದಲ್ಲಿ ಮರಾಠಿ ನಾಟಕಗಳದ್ದೇ ಭರಾಟೆ. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು. ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳೂ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದರು. ಇವು ವೃತ್ತಿ ಕಂಪನಿಗಳ ಕಥೆ. ಹೊಲ ಮನೆ ನೋಡಿಕೊಂಡೇ ನಾಟಕ ಮಾಡುವವರ ಕಥೆ ಕೇಳಬೇಕೆಂದರೆ ಹಾನಗಲ್ ತಾಲೂಕಿನ ಶೇಷಗಿರಿಗೆ ಒಮ್ಮೆ ಹೋಗಿಬನ್ನಿ. ಸಣ್ಣ ಹಳ್ಳಿ. ಅಲ್ಲಿಯ ಗಜಾನನ ಯುವಕ ಮಂಡಳದವರು ನಾಟಕ ಆಡಿ ಆಡಿಯೇ ಊರಿಗೆ ಹೆಸರು ತಂದರು. ಊರಲ್ಲೇ ರಂಗಮಂದಿರ ಎದ್ದಿದೆ. ಅದನ್ನು ಕಣ್ಣಾರೆ ನೋಡಿದರೆ "ನಮ್ಮೂರಲ್ಲಿ ಎಲ್ಲಿ ಆಗ್ತೈತಿ ಬಿಡ್ರಿ" ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಹೆಜ್ಜೆ 1: ಏಳು ಜನ ಸಿಕ್ಕರೆ ಸಾಕು

ಮೂವತ್ತು ಜನ ಬೇಡ. ಮೂವತ್ತು ಜನ ಮೊದಲ ವಾರ ಬರುತ್ತಾರೆ, ಎರಡನೇ ವಾರ ಹನ್ನೆರಡಾಗುತ್ತಾರೆ. ಬಿಡದೆ ಬರುವ ಏಳು ಜನ ಯಾರು ಅಂತ ನೋಡಿ. ಏಳು ಅನ್ನುವುದಕ್ಕೆ ಕಾರಣವೂ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು.

ನೋಂದಣಿಯನ್ನು ಮೊದಲ ದಿನವೇ ಮಾಡಬೇಕಿಲ್ಲ. ಒಂದು ನಾಟಕ ಆಡಿ, ಜನ ನಿಲ್ಲುತ್ತಾರಾ ನೋಡಿ, ಆಮೇಲೆ ಮಾಡಿಸಿ. ಆದರೆ ಮಾಡಿಸುವುದನ್ನು ಮರೆಯಬೇಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಧನ ಕೇಳುವಾಗ, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ, ಪ್ಯಾನ್ ಕಾರ್ಡ್ ಮಾಡಿಸುವಾಗ ನೋಂದಣಿ ಪತ್ರ ಕೇಳುತ್ತಾರೆ. ನೋಂದಣಿ ಆದ ಮೇಲೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗಳ ಕಚೇರಿಗೆ ಕೊಡಬೇಕು. ನಾವು ಇದನ್ನು ನಾಲ್ಕು ವರ್ಷ ಬಿಟ್ಟಿದ್ದೆವು. ಆಮೇಲೆ ಎಲ್ಲ ಒಟ್ಟಿಗೆ ಮಾಡಿಸುವಾಗ ದಂಡವನ್ನೂ ಕಟ್ಟಿದೆವು, ಓಡಾಟವೂ ಜಾಸ್ತಿ ಆಯಿತು. ಲೆಕ್ಕ ಬರೆಯುವ ಕೆಲಸವನ್ನು ನಟರಿಗೆ ಕೊಡಬೇಡಿ. ಊರಿನ ಸೊಸೈಟಿಯಲ್ಲೋ ಅಂಗಡಿಯಲ್ಲೋ ಲೆಕ್ಕ ಬರೆದು ರೂಢಿ ಇರುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಕೈಮುಗಿದು ಕರೆತನ್ನಿ.

ಪಕ್ಷ, ಓಣಿ, ಜಾತಿ ಯಾವುದೂ ತಂಡದ ಒಳಗೆ ಬರಬಾರದು. ಎಲ್ಲ ಓಣಿಯವರೂ ಇರಬೇಕು. ಒಂದೇ ಓಣಿಯ ತಂಡವಾದರೆ ಇನ್ನೊಂದು ಓಣಿಯವರು ನೋಡಲೂ ಬರುವುದಿಲ್ಲ.

ಹೆಜ್ಜೆ 2: ಹೊಲದ ಕೆಲಸ ನೋಡಿ ದಿನ ಗೊತ್ತು ಮಾಡಿ

ತಂಡ ಮುರಿಯುವುದು ಜಗಳದಿಂದ ಅಂತ ಎಲ್ಲರೂ ತಿಳಿಯುತ್ತಾರೆ. ನಿಜಕ್ಕೂ ಮುರಿಯುವುದು ತಪ್ಪು ತಿಂಗಳಲ್ಲಿ ತಾಲೀಮು ಇಟ್ಟುಕೊಂಡಾಗ. ಜೂನ್ ಬಿತ್ತನೆಯಲ್ಲಿ ಯಾರೂ ಬರುವುದಿಲ್ಲ. ಗೋವಿನಜೋಳ ಮುರಿಯುವಾಗ, ಹತ್ತಿ ಬಿಡಿಸುವಾಗ, ಹಾನಗಲ್ ಕಡೆ ಭತ್ತದ ಕೊಯ್ಲು ನಡೆದಾಗ ಮನುಷ್ಯ ದಣಿದು ಬಂದಿರುತ್ತಾನೆ. ಅವನಿಗೆ ಮಾತು ನೆನಪಿಡು ಅನ್ನುವುದು ಅನ್ಯಾಯ.

ನಮ್ಮ ಲೆಕ್ಕದಲ್ಲಿ ಎರಡು ಕಾಲ ಒಳ್ಳೆಯದು. ಒಂದು, ಶ್ರಾವಣದಿಂದ ಗಣೇಶ ಚೌತಿಯವರೆಗೆ. ಎಡೆ ಹೊಡೆಯುವುದು, ಕಳೆ ತೆಗೆಯುವುದು ಒಂದು ಹಂತಕ್ಕೆ ಬಂದಿರುತ್ತದೆ. ಸಣ್ಣ ನಾಟಕಕ್ಕೆ ಅದು ಸಾಕು. ಎರಡು, ಡಿಸೆಂಬರ್ ನಡುವಿನಿಂದ ಫೆಬ್ರುವರಿವರೆಗೆ. ದೊಡ್ಡ ನಾಟಕಕ್ಕೆ ಇದೇ ಸರಿ. ಜಾತ್ರೆಗಳೂ ಆಗಲೇ ಶುರುವಾಗುತ್ತವೆ, ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಹೊತ್ತಿಗೆ ನಾಟಕ ಹಣ್ಣಾಗಿರುತ್ತದೆ. ಬ್ಯಾಡಗಿ ಮಾರ್ಕೆಟ್‌ನಲ್ಲಿ ದುಡಿಯುವವರು ತಂಡದಲ್ಲಿದ್ದರೆ ಅವರಿಗೆ ಮೆಣಸಿನಕಾಯಿ ಸೀಸನ್ನಿನಲ್ಲಿ ದೊಡ್ಡ ಪಾತ್ರ ಕೊಡಬೇಡಿ. ಅವರ ರಾತ್ರಿಗಳು ಅವರ ಕೈಯಲ್ಲಿ ಇರುವುದಿಲ್ಲ.

ಹೆಜ್ಜೆ 3: ನಾಟಕ ಆರಿಸುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅರ್ಧ ಯಶಸ್ಸು ಇಲ್ಲೇ ಇದೆ.

ಮೊದಲು ಊರಲ್ಲಿ ಇರುವವರ ಪಟ್ಟಿ ಮಾಡಿ. ಯಾರು ಹಾಡುತ್ತಾರೆ, ಯಾರಿಗೆ ಡೊಳ್ಳು ಬರುತ್ತದೆ, ಯಾರಿಗೆ ದೊಡ್ಡಾಟದ ಕುಣಿತ ಗೊತ್ತು, ಎಷ್ಟು ಹೆಣ್ಣುಮಕ್ಕಳು ಬರುತ್ತಾರೆ. ಆ ಪಟ್ಟಿ ಕೈಯಲ್ಲಿ ಹಿಡಿದು ನಾಟಕ ಹುಡುಕಿ. ನಾಟಕ ಮೊದಲು ಆರಿಸಿ ಆಮೇಲೆ ಜನ ಹುಡುಕಿದರೆ ಪಾತ್ರಕ್ಕೆ ಒಪ್ಪದವರನ್ನು ತುರುಕಬೇಕಾಗುತ್ತದೆ.

ಪುಸ್ತಕಕ್ಕೆ ಧಾರವಾಡಕ್ಕೆ ಹೋಗಿ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲಾ ಅಲ್ಲೇ ಇದೆ. ಕನ್ನಡದ ಎಷ್ಟೋ ಒಳ್ಳೆಯ ನಾಟಕಗಳು ಅಲ್ಲಿಂದ ಬಂದಿವೆ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಐದಾರು ನಾಟಕ ತನ್ನಿ, ಗುಡಿಯ ಕಟ್ಟೆಯ ಮೇಲೆ ಕೂತು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿ. ಕೇಳಲು ಕೂತ ಅಜ್ಜ ಯಾವ ನಾಟಕಕ್ಕೆ ಎದ್ದು ಹೋಗಲಿಲ್ಲ ಅನ್ನುವುದನ್ನು ಗಮನಿಸಿ. ಅದೇ ನಿಮ್ಮ ನಾಟಕ.

ಹಕ್ಕಿನ ವಿಷಯ ತಿಳಿದಿರಲಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಅವರ ಮನೆಯವರದ್ದೋ, ಯಾರಿಗೆ ಕೊಟ್ಟಿದ್ದಾರೋ ಅವರದ್ದೋ ಆಗಿರುತ್ತದೆ. ಶಾಂತಕವಿಗಳು 1920ರಲ್ಲಿ ತೀರಿಕೊಂಡರು, ಅವರ ನಾಟಕ ಯಾರು ಬೇಕಾದರೂ ಆಡಬಹುದು. ನಾಟಕಕಾರ ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರ ನಾಟಕಗಳ ಹಕ್ಕು 2044ರ ಕೊನೆಯವರೆಗೆ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಹವ್ಯಾಸಿ ತಂಡಗಳಿಗೆ ಒಂದು ಸೌಲಭ್ಯ ಇದೆ. ಪ್ರೇಕ್ಷಕರಿಂದ ದುಡ್ಡು ತೆಗೆದುಕೊಳ್ಳದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಟಿಕೆಟ್ ಇಟ್ಟರೆ ಮಾತ್ರ ಅನುಮತಿ ಬೇಕೇ ಬೇಕು. ನನ್ನ ಕೇಳಿದರೆ, ಟಿಕೆಟ್ ಇಲ್ಲದಿದ್ದರೂ ಒಂದು ಪತ್ರ ಬರೆದು ಕೇಳಿ. ಉತ್ಸವದವರು ಅರ್ಜಿಯ ಜೊತೆ ಅನುಮತಿ ಪತ್ರ ಕೇಳಿದಾಗ ಪರದಾಡುವುದು ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಬರೆದವರಿಗೆ ನಮ್ಮೂರಲ್ಲಿ ಅವರ ನಾಟಕ ಆಡುತ್ತಿದ್ದಾರೆ ಅನ್ನುವ ಸುದ್ದಿ ಸಿಗಬೇಕು ಅಲ್ವಾ.

ಊರಲ್ಲಿ ಬರೆಯುವವರು ಇದ್ದರೆ ನಮ್ಮದೇ ಸೀಮೆಯ ಕಥೆ ಎತ್ತಿಕೊಳ್ಳಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು. ಶಿಶುನಾಳದ ಷರೀಫರು ಇದ್ದಾರೆ. ಕನಕದಾಸರು ಇದ್ದಾರೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದು ನಿಂತ ಕಥೆ ನಮ್ಮ ಅಪ್ಪಂದಿರ ಬಾಯಲ್ಲೇ ಇದೆ. ಅದನ್ನು ಕಂಡವರ ಹತ್ತಿರ ಕೂತು ಕೇಳಿ ಬರೆದುಕೊಂಡರೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಅವಧಿ ಒಂದರಿಂದ ಒಂದೂವರೆ ತಾಸು ಸಾಕು. ರಾತ್ರಿಯಿಡೀ ಆಡುವ ನಾಟಕದ ಸೊಗಸೇ ಬೇರೆ, ಅದನ್ನು ಜಾತ್ರೆಗೆ ಬಿಡಿ.

ಹೆಜ್ಜೆ 4: ಹೆಣ್ಣುಮಕ್ಕಳು ತಂಡಕ್ಕೆ ಬರುವ ಹಾಗೆ ಮಾಡಿ

ಹಿಂದೆ ಗಂಡಸರೇ ಸೀರೆ ಉಟ್ಟು ಆಡುತ್ತಿದ್ದರು. ಏಣಗಿ ಬಾಳಪ್ಪನವರಂಥ ದೊಡ್ಡ ಕಲಾವಿದರು ಎಳೆಯ ವಯಸ್ಸಿನಲ್ಲಿ ಸ್ತ್ರೀ ಪಾತ್ರ ಮಾಡಿಯೇ ಬೆಳೆದವರು. ಈಗ ನಮ್ಮ ಹಳ್ಳಿಗಳಲ್ಲಿ ಹೊರಗಿನ ಕಲಾವಿದೆಯರನ್ನು ಕರೆಸುತ್ತೇವೆ. ಅವರ ದುಡಿಮೆಗೆ ನನ್ನ ಗೌರವ ಇದೆ, ಎಷ್ಟೋ ಊರಿನ ನಾಟಕ ನಿಂತಿರುವುದೇ ಅವರ ಮೇಲೆ. ಆದರೆ ಅವರು ಬರುವುದು ಹೆಚ್ಚಾಗಿ ಆಟದ ದಿನವೇ. ನಲವತ್ತು ದಿನದ ತಾಲೀಮಿಗೆ ಊರಿನ ಅಕ್ಕತಂಗಿಯರೇ ಬೇಕು.

ಅವರು ಬರಬೇಕೆಂದರೆ ನಾವು ಬದಲಾಗಬೇಕು. ತಾಲೀಮು ರಾತ್ರಿ ಒಂಬತ್ತಕ್ಕೆ ಶುರುಮಾಡಿದರೆ ಯಾವ ಹೆಣ್ಣುಮಗಳೂ ಬರುವುದಿಲ್ಲ. ಸಂಜೆ ಆರೂವರೆಯಿಂದ ಎಂಟೂವರೆ ಇಟ್ಟುಕೊಳ್ಳಿ. ಒಬ್ಬರನ್ನೇ ಕರೆಯಬೇಡಿ, ಇಬ್ಬರು ಮೂವರನ್ನು ಒಟ್ಟಿಗೆ ಕರೆಯಿರಿ. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿ ಮಾತಾಡಿ. ಮಕ್ಕಳನ್ನು ಕರೆದುಕೊಂಡು ಬರಲಿ, ತಾಲೀಮಿನ ಜಾಗದಲ್ಲಿ ಮಕ್ಕಳು ಆಡಿಕೊಳ್ಳಲಿ. ಶೌಚಾಲಯ ಇರುವ ಜಾಗವನ್ನೇ ತಾಲೀಮಿಗೆ ಆರಿಸಿ. ಶಾಲೆಯ ಕೋಣೆ ಸಿಕ್ಕರೆ ಗುಡಿಗಿಂತ ಅದೇ ಮೇಲು.

ನಮ್ಮ ತಂಡದಲ್ಲಿ ಮೊದಲು ಬಂದವರು ಒಬ್ಬ ಅಂಗನವಾಡಿ ಸಹಾಯಕಿ. ಅವರ ಅತ್ತೆಯನ್ನು ಕೇಳಲು ನಾವು ನಾಲ್ಕು ಜನ ಅಂಜುತ್ತಲೇ ಹೋಗಿದ್ದೆವು. ಆ ಮುದುಕಿ ಚಹಾ ಕೊಟ್ಟು, "ಆಕಿ ಮಾತು ಬಾಯಿಪಾಠ ಮಾಡೂದನ್ನ ನಾ ಒಲಿ ಮುಂದ ಕೇಳ್ತೀನೋ ಯಪ್ಪಾ, ತಪ್ಪಿದ್ರ ತಿದ್ದೂದು ನನ್ನ ಜವಾಬ್ದಾರಿ" ಅಂದರು. ಓದು ಬಾರದ ಆ ಅವ್ವನಿಗೆ ಒಂದು ತಿಂಗಳಲ್ಲಿ ಇಡೀ ನಾಟಕ ಬಾಯಿಗೆ ಬಂದಿತ್ತು. ಮೊದಲ ಆಟದ ದಿನ ಅವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿದೆವು. ಸೊಸೆಯ ತುಟಿಯ ಜೊತೆ ಅವರ ತುಟಿಯೂ ಅಲ್ಲಾಡುತ್ತಿತ್ತು.

ಹೆಜ್ಜೆ 5: ತಾಲೀಮು

ಒಂದು ತಾಸಿನ ನಾಟಕಕ್ಕೆ ನಲವತ್ತು ಸಂಜೆ, ದಿನಕ್ಕೆ ಎರಡು ತಾಸು. ಎಂಬತ್ತು ತಾಸು ಆಯಿತು. ಇದಕ್ಕಿಂತ ಕಡಿಮೆ ಮಾಡಿದ್ದೂ ಇದೆ, ಆಗೆಲ್ಲ ವೇದಿಕೆಯ ಮೇಲೆ ಅದು ಕಂಡಿದೆ.

ಮೊದಲ ಒಂದು ವಾರ ಯಾರೂ ಎದ್ದು ನಿಲ್ಲಬೇಡಿ. ಸುತ್ತ ಕೂತು ಓದಿ. ಪಾತ್ರ ಅದಲು ಬದಲು ಮಾಡಿ ಓದಿ. ಮುಂದಿನ ಹತ್ತು ಹನ್ನೆರಡು ದಿನ ನಡೆ, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎತ್ತ ಹೋಗಬೇಕು ಅನ್ನುವುದು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಅಗಲ 24 ಅಡಿ, ಒಳಕ್ಕೆ 18 ಅಡಿ ವೇದಿಕೆ ಗುರುತು ಮಾಡಿ. ದಿನವೂ ಅದೇ ಅಳತೆಯೊಳಗೆ ಓಡಾಡಿದರೆ ಕಾಲಿಗೆ ಲೆಕ್ಕ ಬರುತ್ತದೆ. ಇಪ್ಪತ್ತನೇ ದಿನಕ್ಕೆ ಪುಸ್ತಕ ಕೈಬಿಡಬೇಕು. ಈ ದಿನವನ್ನು ಮುಂದೂಡಬೇಡಿ. ಪುಸ್ತಕ ಕೈಯಲ್ಲಿದ್ದಷ್ಟು ದಿನ ನಟನ ಕಣ್ಣು ಎದುರಿನವರನ್ನು ನೋಡುವುದಿಲ್ಲ. ಕೊನೆಯ ಹತ್ತು ದಿನ ನಿಲ್ಲಿಸದೆ ಪೂರ್ತಿ ನಾಟಕ ಆಡಿ. ತಪ್ಪಿದರೂ ಮುಂದುವರಿಯಿರಿ. ತಪ್ಪಿನಿಂದ ಹೇಗೆ ಹೊರಬರಬೇಕು ಅನ್ನುವುದನ್ನೂ ಕಲಿಯಬೇಕಲ್ಲ.

ಪೇಟಿ ಮಾಸ್ತರರು ಇದ್ದರೆ ಮೊದಲ ದಿನದಿಂದಲೇ ಕೂಡಿಸಿ. ಕೊನೆಯ ವಾರ ಬಂದು ಹಾಡು ಸೇರಿಸಿದರೆ ಹಾಡು ಬೇರೆ, ನಾಟಕ ಬೇರೆ ಆಗಿಬಿಡುತ್ತದೆ.

ಭಾಷೆಯ ವಿಷಯ. ನಮ್ಮಲ್ಲಿ ಒಬ್ಬ ಟ್ರ್ಯಾಕ್ಟರ್ ಓಡಿಸುವ ಹುಡುಗ ಇದ್ದಾನೆ. ಊರಲ್ಲಿ ಮಾತಿಗೆ ನಿಂತರೆ ನಾಲ್ಕು ಜನ ಸೇರುತ್ತಾರೆ, ಅಂಥ ಮಾತುಗಾರ. ತಾಲೀಮಿನಲ್ಲಿ ಮಾತ್ರ ಕಟ್ಟಿಗೆಯಂತೆ ನಿಲ್ಲುತ್ತಿದ್ದ. "ನನ್ನ ಹೃದಯ ಒಡೆದುಹೋಗಿದೆ ತಂದೆಯೇ" ಅನ್ನುವ ಮಾತು ಅವನಿಗೆ ಬರಲೇ ಇಲ್ಲ. ಎಂಟು ದಿನ ನೋಡಿದೆವು. ಕೊನೆಗೆ ನಿರ್ದೇಶಕರು ಪುಸ್ತಕ ಮುಚ್ಚಿ, "ನಿಮ್ಮ ಅಪ್ಪನ ಮುಂದ ನಿಂತು ಹೆಂಗ ಅಂತೀ ಹಂಗ ಅನ್ನು ತಮ್ಮಾ" ಅಂದರು. ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ತಲೆ ಎತ್ತದೆಯೇ, "ಎದಿ ಒಡದು ಹೋತು ಯಪ್ಪಾ" ಅಂದ. ಅಷ್ಟೇ. ಕೋಣೆ ಸುಮ್ಮನಾಯಿತು. ಆವತ್ತಿನಿಂದ ಇಡೀ ನಾಟಕವನ್ನು ನಮ್ಮ ಮಾತಿಗೆ ತಿರುಗಿಸಿಕೊಂಡೆವು. ಜೀವಂತ ಇರುವ ಲೇಖಕರಾದರೆ ಹೀಗೆ ಮಾಡುವ ಮೊದಲು ಅವರನ್ನು ಕೇಳಿ. ನಮಗೆ ಲೇಖಕರು ಖುಷಿಯಿಂದ ಒಪ್ಪಿದರು.

ನಿರ್ದೇಶಕರು ಊರಲ್ಲಿ ಇಲ್ಲದಿದ್ದರೆ ಹೊರಗಿನವರನ್ನು ಹತ್ತು ದಿನದ ಶಿಬಿರಕ್ಕೆ ಕರೆಯಿರಿ. ಧಾರವಾಡದಲ್ಲಿ ರಂಗಾಯಣ ಇದೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ, ಅಲ್ಲಿ ಕಲಿತವರು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಸಾಣೇಹಳ್ಳಿಯ ಶಿವಸಂಚಾರ ಅನ್ನುವ ಸಂಚಾರಿ ನಾಟಕ ತಂಡದಲ್ಲಿ ತಿರುಗಿ ಬಂದ ಕಲಾವಿದರೂ ಸಿಗುತ್ತಾರೆ. ಸಂಭಾವನೆ ಎಷ್ಟು, ಊಟ ವಸತಿ ಎಲ್ಲಿ ಅನ್ನುವುದನ್ನು ಮೊದಲೇ ಮಾತಾಡಿ. ಕಲಿಸಲು ಬಂದವರಿಗೆ ಕೊನೆಯ ದಿನ ಶಾಲು ಹೊದಿಸಿ ಕಳಿಸಿದರೆ ಸಾಲದು, ಒಪ್ಪಿದ ದುಡ್ಡು ಕೈಗೆ ಕೊಡಬೇಕು.

ಹೆಜ್ಜೆ 6: ರಂಗಸಜ್ಜಿಕೆ, ಬಟ್ಟೆ, ಬೆಳಕು

ಬಾಡಿಗೆ ಸೀನರಿಯ ಅರಮನೆ, ಕಾಡು, ರಸ್ತೆ ಪರದೆಗಳು ಕಂಪನಿ ನಾಟಕಕ್ಕೆ ಚೆಂದ. ಹೊರಗೆ ಒಯ್ಯುವ ನಾಟಕಕ್ಕೆ ಕಡಿಮೆ ಸಾಮಾನು ಇರಲಿ. ಬಿದಿರು, ಗೋಣಿತಟ್ಟು, ಎರಡು ಮಂಚ, ಒಂದು ಏಣಿ. ಇಷ್ಟರಲ್ಲೇ ಮನೆ, ಹೊಲ, ಕೋಟೆ ಎಲ್ಲ ಆಗುತ್ತದೆ. ಗೋಣಿತಟ್ಟಿಗೆ ಕೆಮ್ಮಣ್ಣು ಮತ್ತು ಫೆವಿಕಾಲ್ ಕಲಸಿ ಹಚ್ಚಿದರೆ ಬೆಳಕಿನಲ್ಲಿ ಮಣ್ಣಿನ ಗೋಡೆಯೇ ಕಂಡಂತಾಗುತ್ತದೆ. ಮೆಣಸಿನಕಾಯಿ ತುಂಬಿದ್ದ ಚೀಲವನ್ನು ಮಾತ್ರ ತರಬೇಡಿ. ನಾವು ತಂದಿದ್ದೆವು. ಎರಡು ಸಲ ತೊಳೆದು ಒಣಗಿಸಿದರೂ ಎಳೆಯಲ್ಲಿ ಘಾಟು ಉಳಿದಿತ್ತು. ದುಃಖದ ದೃಶ್ಯದಲ್ಲಿ ಮೂವರೂ ನಟರಿಗೆ ಸೀನು ತಡೆಯಲಾಗಲಿಲ್ಲ, ನಲವತ್ತು ದಿನದ ಕೆಲಸ ಆ ಒಂದು ನಿಮಿಷದಲ್ಲಿ ಕೆಟ್ಟಿತು. ಶೇಂಗಾ ಚೀಲ, ಗೋವಿನಜೋಳದ ಚೀಲ ನಡೆಯುತ್ತದೆ.

ಬಟ್ಟೆ ಊರಲ್ಲೇ ಕೇಳಿ ತನ್ನಿ. ಅಜ್ಜಿಯರ ಪೆಟ್ಟಿಗೆಯಲ್ಲಿ ಹಳೆಯ ಇಳಕಲ್ ಸೀರೆ, ಗುಳೇದಗುಡ್ಡದ ಕಣ (ಕುಪ್ಪಸದ ಬಟ್ಟೆ) ಇರುತ್ತದೆ. ಯಾರ ಮನೆಯಿಂದ ಏನು ತಂದಿರಿ ಅಂತ ವಹಿಯಲ್ಲಿ ಬರೆದಿಡಿ, ಒಗೆದು ಮಡಿಸಿ ಹಿಂತಿರುಗಿಸಿ. ಒಂದು ಸೀರೆ ಕಳೆದರೆ ಮುಂದಿನ ವರ್ಷ ಇಡೀ ಓಣಿಯಲ್ಲಿ ಬಾಗಿಲು ತೆರೆಯುವುದಿಲ್ಲ.

ಬೆಳಕಿನಲ್ಲಿ ಲೆಕ್ಕ ತಿಳಿದಿರಬೇಕು. ವೇದಿಕೆಗೆ ಹಾಕುವ 1000 ವ್ಯಾಟಿನ ಎಂಟು ಪಾರ್ ಲೈಟ್ ಹಚ್ಚಿದರೆ 8000 ವ್ಯಾಟ್ ಆಯಿತು. 230 ವೋಲ್ಟಿಗೆ ಭಾಗಿಸಿದರೆ ಸುಮಾರು 35 ಆಂಪಿಯರ್. ಮನೆಯ ವೈರಿನಿಂದ ಇದನ್ನು ಎಳೆದರೆ ವೈರ್ ಸುಡುತ್ತದೆ. ಕಂಬಕ್ಕೆ ಕೊಂಡಿ ಹಾಕುವ ರೂಢಿ ಹಲವು ಕಡೆ ಇದೆ, ದಯವಿಟ್ಟು ಮಾಡಬೇಡಿ. ಅದು ಕಳ್ಳತನವೂ ಹೌದು, ಪ್ರಾಣಕ್ಕೆ ಅಪಾಯವೂ ಹೌದು. ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಇಲ್ಲವೇ ಜನರೇಟರ್ ತರಿಸಿ. ಎಲ್‌ಇಡಿ ಪಾರ್ ಬಾಡಿಗೆಗೆ ಸಿಕ್ಕರೆ ಹೊರೆ ಬಹಳ ಇಳಿಯುತ್ತದೆ, ಒಂದೊಂದಕ್ಕೆ 150 ವ್ಯಾಟ್ ಆಸುಪಾಸು. ತಾಲೀಮಿಗೆ ನಾವು 15 ಕೆಜಿ ಎಣ್ಣೆ ಡಬ್ಬಿಯನ್ನು ಒಂದು ಬದಿ ಕೊರೆದು, ಒಳಗೆ ಹೋಲ್ಡರ್ ಕೂಡಿಸಿ ಲೈಟ್ ಮಾಡಿಕೊಂಡಿದ್ದೆವು. ಡಬ್ಬಿಯ ಹಿಂದೆ ಗಾಳಿಗೆ ತೂತು ಬಿಡಬೇಕು, ಅರ್ಥಿಂಗ್ ಕೊಡಬೇಕು. ಎಲೆಕ್ಟ್ರಿಕ್ ಕೆಲಸ ಗೊತ್ತಿರುವವರೇ ಮಾಡಬೇಕು.

ಬೆಳಕು ನಟನ ಮುಖದ ಮೇಲೆ ಎದುರಿನಿಂದ, ಎರಡೂ ಬದಿಯ ಮೇಲ್ಗಡೆಯಿಂದ ಓರೆಯಾಗಿ ಬೀಳಬೇಕು. ನೇರ ತಲೆಯ ಮೇಲಿಂದ ಬಿದ್ದರೆ ಕಣ್ಣು ಕುಳಿಯಾಗಿ ಕಾಣುತ್ತದೆ. ಬಣ್ಣದ ಬೆಳಕಿಗೆ ಆಸೆ ಪಡಬೇಡಿ. ಮೊದಲು ಮುಖ ಕಾಣಲಿ.

ಹೆಜ್ಜೆ 7: ಊರಲ್ಲಿ ಮೊದಲ ಆಟ

ಗ್ರಾಮ ಪಂಚಾಯ್ತಿಗೆ ಮತ್ತು ಪೊಲೀಸ್ ಠಾಣೆಗೆ ಹದಿನೈದು ದಿನ ಮುಂಚೆ ಅರ್ಜಿ ಕೊಡಿ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅದಕ್ಕೇ ಏಳೂವರೆಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸಿ. ಮೊದಮೊದಲು ಜನ ಎಂಟೂವರೆಗೇ ಬರುತ್ತಾರೆ. ಕಾಯಬೇಡಿ. ಎರಡು ನಾಟಕ ತಪ್ಪಿಸಿಕೊಂಡ ಮೇಲೆ ಮೂರನೆಯದಕ್ಕೆ ಏಳಕ್ಕೇ ಚಾಪೆ ಹಾಸಿ ಕೂತಿರುತ್ತಾರೆ.

ಭಾಷಣ ಇರಬಾರದು ಅಂತ ನಾನು ಹೇಳುವುದಿಲ್ಲ. ಪಟ್ಟಿ (ಚಂದಾ) ಕೊಟ್ಟವರನ್ನು, ಹಿರಿಯರನ್ನು ನೆನೆಯಬೇಕು. ಹದಿನೈದು ನಿಮಿಷದಲ್ಲಿ ಮುಗಿಸಿ, ಇಲ್ಲವೇ ನಾಟಕದ ನಂತರ ಇಡಿ. ಆಯಾರವನ್ನು ನಾಟಕದ ನಡುವೆ ಕೂಗಬೇಡಿ. ಈ ಒಂದು ಬದಲಾವಣೆಗೆ ನಮ್ಮೂರಲ್ಲಿ ಮೂರು ವರ್ಷ ಬೇಕಾಯಿತು. ಈಗ ಬಾಗಿಲಲ್ಲಿ ಒಂದು ಫಲಕ ಇಟ್ಟು ಕೊಟ್ಟವರ ಹೆಸರು ಬರೆಯುತ್ತೇವೆ. ಎಲ್ಲರೂ ಒಪ್ಪಿದ್ದಾರೆ.

ಮರುದಿನ ಹೊಟೇಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಜನ ಏನು ಮಾತಾಡುತ್ತಾರೆ ಕೇಳಿ. "ಎರಡನೇ ಸೀನು ಎಳೀತು" ಅಂತ ನಾಲ್ಕು ಜನ ಅಂದರೆ ಅದು ಎಳೆದಿದೆ. ಕತ್ತರಿಸಿ. ಆಮೇಲೆ ಸುತ್ತಲಿನ ಎರಡು ಮೂರು ಊರಲ್ಲಿ ಆಡಿ. ಸ್ಪರ್ಧೆಗೆ ಹೋಗುವ ಮುನ್ನ ಐದು ಆಟವಾದರೂ ಆಗಿರಬೇಕು.

ಹೆಜ್ಜೆ 8: ಸ್ಪರ್ಧೆಗೂ ಉತ್ಸವಕ್ಕೂ ಹೊರಡುವಾಗ

ನಿಯಮದ ಹಾಳೆಯನ್ನು ತಾಲೀಮಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ. ಅವಧಿ ಎಷ್ಟು, ಸಜ್ಜಿಕೆ ಕಟ್ಟಲು ಎಷ್ಟು ನಿಮಿಷ, ಬೆಂಕಿ ಹಚ್ಚಬಹುದಾ, ಎಷ್ಟು ಜನಕ್ಕೆ ಊಟ ವಸತಿ, ವಯಸ್ಸಿನ ಮಿತಿ ಇದೆಯಾ. ಒಮ್ಮೆ ನಾವು 45 ನಿಮಿಷದ ಸ್ಪರ್ಧೆಯಲ್ಲಿ ನಾಲ್ಕು ನಿಮಿಷ ಜಾಸ್ತಿ ತೆಗೆದುಕೊಂಡೆವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಂಕ ಕಡಿತವಾಗಿ ಮೂರನೇ ಸ್ಥಾನಕ್ಕೆ ಇಳಿದೆವು. ತಪ್ಪು ನಮ್ಮದೇ. ಊರಲ್ಲಿ ಆಡುವಾಗ ಚಪ್ಪಾಳೆಗೆ, ನಗುವಿಗೆ ನಿಲ್ಲುವ ಸಮಯವನ್ನು ಲೆಕ್ಕ ಹಿಡಿದಿರಲಿಲ್ಲ. ಅಲ್ಲಿಂದ ಮುಂದೆ 45 ನಿಮಿಷದ ಸ್ಪರ್ಧೆಗೆ 40 ನಿಮಿಷದ ನಾಟಕ ಕಟ್ಟುತ್ತೇವೆ.

ಆಯ್ಕೆಗೆ ವಿಡಿಯೊ ಕೇಳಿದರೆ ಊರಿನ ಆಟವನ್ನೇ ಚಿತ್ರೀಕರಿಸಿ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ನಡುಮಧ್ಯೆ ಇಡಿ, ಇಡೀ ವೇದಿಕೆ ಕಾಣಲಿ, ಎಲ್ಲೂ ಕತ್ತರಿಸಬೇಡಿ. ಮದುವೆ ವಿಡಿಯೊದಂತೆ ಹೂವು, ಚಿಟ್ಟೆ ಹಾಕಿಸಬೇಡಿ.

ಒಂದು ದಿನ ಮುಂಚೆಯೇ ಅಲ್ಲಿಗೆ ತಲುಪಿ. ಜನಕ್ಕೆ ಒಂದು ಕ್ರೂಸರ್, ಸಾಮಾನಿಗೆ ಒಂದು ಟಾಟಾ ಏಸ್ ಸಾಕಾಗುವಷ್ಟು ಇಟ್ಟುಕೊಳ್ಳಿ. ಜೊತೆಗೆ ಸೂಜಿದಾರ, ಮೊಳೆ, ಸುತ್ತಿಗೆ, ಹಗ್ಗ, ಟೇಪು, ಟಾರ್ಚು, ಜ್ವರದ ಗುಳಿಗೆ ಒಂದು ಪೆಟ್ಟಿಗೆಯಲ್ಲಿ ಇರಲಿ. ಆ ಪೆಟ್ಟಿಗೆಗೆ ಒಬ್ಬರೇ ಯಜಮಾನರು. ಹಿನ್ನೆಲೆ ಸಂಗೀತ ರೆಕಾರ್ಡ್ ಮಾಡಿದ್ದಾದರೆ ಎರಡು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ.

ಹೊಸ ವೇದಿಕೆಗೆ ಹೋದ ಕೂಡಲೇ ಎಲ್ಲರೂ ಬರಿಗಾಲಲ್ಲಿ ಅದರ ಮೇಲೆ ನಡೆಯಿರಿ. ಧಾರವಾಡದ ಕರ್ನಾಟಕ ಕಾಲೇಜಿನ ಸೃಜನಾ ರಂಗಮಂದಿರವಾಗಲಿ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಭವನವಾಗಲಿ, ಬಯಲಿನಲ್ಲಿ ಆಡಿ ಬಂದವರಿಗೆ ನಾಲ್ಕು ಗೋಡೆಯ ಒಳಗೆ ಧ್ವನಿ ಬೇರೆಯೇ ಕೇಳಿಸುತ್ತದೆ. ಒಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಲಿ. ಬಯಲಿನಲ್ಲಿ ಕೂಗಿದಂತೆ ಇಲ್ಲಿ ಕೂಗಬೇಕಾಗಿಲ್ಲ, ಮಾತಿನ ಕೊನೆಯ ಅಕ್ಷರ ನುಂಗದಿದ್ದರೆ ಸಾಕು.

ನಿಮ್ಮ ಆಟ ಮುಗಿದ ಮೇಲೆ ಗಾಡಿ ಹತ್ತಬೇಡಿ. ಉಳಿದವರ ನಾಟಕ ಪೂರ್ತಿ ನೋಡಿ. ನಮಗೆ ಬೆಳಕು ಹೇಗಿರಬೇಕು ಅಂತ ಕಲಿಸಿದ್ದು ಯಾವ ಶಿಬಿರವೂ ಅಲ್ಲ, ನಮಗಿಂತ ಚೆನ್ನಾಗಿ ಆಡಿ ಗೆದ್ದ ಇನ್ನೊಂದು ಹಳ್ಳಿಯ ತಂಡ. ಅವರ ಹತ್ತಿರ ಹೋಗಿ ಕೇಳಿದೆವು, ಕೂತು ತೋರಿಸಿಕೊಟ್ಟರು. ತೀರ್ಪುಗಾರರು ಸಿಕ್ಕರೆ "ಯಾಕೆ ಕೊಡಲಿಲ್ಲ" ಅಂತ ಕೇಳಬೇಡಿ. "ಎಲ್ಲಿ ಸಡಿಲ ಇತ್ತು ಹೇಳ್ರಿ ಸರ್" ಅಂತ ಕೇಳಿ, ಬರೆದುಕೊಳ್ಳಿ.

ಹೆಜ್ಜೆ 9: ಬಹುಮಾನ ಬಂದ ಮೇಲೆ

ಸೋತ ತಂಡಕ್ಕಿಂತ ಗೆದ್ದ ತಂಡ ಬೇಗ ಒಡೆಯುವುದನ್ನು ನೋಡಿದ್ದೇನೆ. ಅತ್ಯುತ್ತಮ ನಟ ಅಂತ ಒಬ್ಬನಿಗೆ ಬಂದರೆ ಉಳಿದವರ ಮನಸ್ಸು ಸಣ್ಣದಾಗುತ್ತದೆ. ಅದಕ್ಕೆ ಮೊದಲ ಸಭೆಯಲ್ಲೇ ನಿಯಮ ಬರೆದಿಡಿ. ಫಲಕ ನಟನ ಮನೆಗೆ, ನಗದು ತಂಡದ ಖಾತೆಗೆ. ಪರದೆ ಎಳೆದವನ, ಚಹಾ ಕೊಟ್ಟವನ ಹೆಸರೂ ಪತ್ರಿಕೆಗೆ ಕೊಡುವ ಸುದ್ದಿಯಲ್ಲಿ ಇರಲಿ. ಊರಿಗೆ ಬಂದ ಮೇಲೆ ಗುಡಿಯ ಮುಂದೆ ಅದೇ ನಾಟಕವನ್ನು ಇನ್ನೊಮ್ಮೆ ಆಡಿ. ಪಟ್ಟಿ ಕೊಟ್ಟವರಿಗೆ ಬಹುಮಾನದ ನಾಟಕ ನೋಡುವ ಹಕ್ಕಿದೆ.

ಎರಡು ಮೂರು ವರ್ಷ ಹೀಗೆ ನಡೆದರೆ ಊರಲ್ಲೇ ಮೂರು ದಿನದ ಸಣ್ಣ ಉತ್ಸವ ಮಾಡಿ. ನೀನಾಸಂನವರ ತಿರುಗಾಟ ತಂಡ 1985ರಿಂದ, ಶಿವಸಂಚಾರ 1997ರಿಂದ ಊರೂರು ತಿರುಗುತ್ತಿವೆ. ಅವರಿಗೆ ಮುಂಚಿತವಾಗಿ ಪತ್ರ ಬರೆದರೆ ನಿಮ್ಮೂರಿಗೂ ಬರಬಹುದು. ಬಂದ ಕಲಾವಿದರನ್ನು ಮನೆ ಮನೆಗೆ ಇಬ್ಬರಂತೆ ಹಂಚಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡು ಹೋದವರು ಊರನ್ನು ಮರೆಯುವುದಿಲ್ಲ. ಊಟ ಬಡಿಸಿದ ಮನೆಯವರು ಆ ರಾತ್ರಿ ತಮ್ಮ ಮನೆಯ ಕಲಾವಿದ ಯಾವ ಪಾತ್ರದಲ್ಲಿ ಬರುತ್ತಾನೆ ಅಂತ ಮುಂದೆಯೇ ಬಂದು ಕೂರುತ್ತಾರೆ.

ಕೊನೆಯ ಕೆಲಸ ಆಟ ಮುಗಿದ ಮರುದಿನದ್ದು. ಬಟ್ಟೆಗಳನ್ನು ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು ಟ್ರಂಕಿಗೆ ತುಂಬಿ. ವೈರುಗಳನ್ನು ಸುತ್ತಿ ಚೀಟಿ ಅಂಟಿಸಿ. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗುಡಿಯ ಗೋಡೆಗೆ ಹಚ್ಚಿ, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಅದರ ಕೆಳಗೆ ಮುಂದಿನ ನಾಟಕದ ಓದು ಯಾವ ದಿನ, ಎಷ್ಟು ಗಂಟೆಗೆ ಅನ್ನುವುದನ್ನೂ ಬರೆಯಿರಿ.